ಕೊಂಡವರ ಮನೆಯಲ್ಲಿ ಮಾರಿದವರ ಬೀಗ

ಟಿವಿ ಸುಟ್ಟಿಲ್ಲ, ಫೋನ್ ಒಡೆದಿಲ್ಲ, ಪ್ರಿಂಟರ್‌ನಲ್ಲಿ ಇಂಕ್ ಇದೆ. ಆದರೂ ಕೆಲಸ ಮಾಡುತ್ತಿಲ್ಲ! ಸಿನಿಮಾ ಕಳ್ಳರನ್ನು ತಡೆಯಲೆಂದು ಹುಟ್ಟಿದ ಡಿಜಿಟಲ್ ಬೀಗ ಈಗ ನಮ್ಮ ಮನೆಯ ಯಂತ್ರಗಳ ಆಯಸ್ಸನ್ನು ಅಳೆಯುತ್ತಿದೆ. ಆ ಬೀಗದ ಕೈ ಯಾರ ಹತ್ತಿರ ಇರಬೇಕು?

2025ರ ಮಾರ್ಚ್ 9, ಭಾನುವಾರ. ದುಬೈನಲ್ಲಿ ಭಾರತ ತಂಡ ನ್ಯೂಜಿಲೆಂಡನ್ನು ನಾಲ್ಕು ವಿಕೆಟ್‌ಗಳಿಂದ ಸೋಲಿಸಿ ಚಾಂಪಿಯನ್ಸ್ ಟ್ರೋಫಿ ಗೆದ್ದಿತ್ತು. ಬೀದಿಯಲ್ಲಿ ಪಟಾಕಿ, ಮನೆಯೊಳಗೆ ಮತ್ತೆ ಮತ್ತೆ ಹೈಲೈಟ್ಸ್. ಅದೇ ದಿನ ಪ್ರಪಂಚದ ನಾನಾ ಕಡೆ ಟಿವಿಗಳ ಹಿಂದೆ ಜೋತಾಡುತ್ತಿದ್ದ ಒಂದು ಪುಟ್ಟ ಸಾಧನ ಇದ್ದಕ್ಕಿದ್ದಂತೆ ಮುಷ್ಕರ ಹೂಡಿತು.

ಅದು ಗೂಗಲ್ ಕಂಪನಿಯ ಕ್ರೋಮ್‌ಕಾಸ್ಟ್. ಫೋನಿನಲ್ಲಿ ಕಾಣುವ ವಿಡಿಯೊವನ್ನು ಟಿವಿಗೆ ದಾಟಿಸುವ, ಅಂಗೈಯಲ್ಲಿ ಹಿಡಿಸುವ ದುಂಡನೆಯ ವಸ್ತು. 2015ರಲ್ಲಿ ಬಂದ ಅದರ ಎರಡನೇ ಪೀಳಿಗೆಯೂ ಜೊತೆಗೇ ಬಂದ ಕ್ರೋಮ್‌ಕಾಸ್ಟ್ ಆಡಿಯೊ ಕೂಡ ಒಟ್ಟಿಗೇ ಕೈಕೊಟ್ಟವು. ಈ ಸಾಧನವನ್ನು ನಂಬಲಾಗದು, ಇದರ ಗುರುತು ಖಚಿತವಾಗುತ್ತಿಲ್ಲ ಎಂಬ ಅರ್ಥದ ಸಂದೇಶ ಫೋನುಗಳಲ್ಲಿ ಮೂಡತೊಡಗಿತು.

ಜನ ವೈಫೈ ಆರಿಸಿ ಹಾಕಿದರು. ಕೇಬಲ್ ಕಿತ್ತು ಸಿಕ್ಕಿಸಿದರು. ಫ್ಯಾಕ್ಟರಿ ರಿಸೆಟ್ ಮಾಡಿದವರು ಇನ್ನಷ್ಟು ಸಿಕ್ಕಿಹಾಕಿಕೊಂಡರು. ದಯವಿಟ್ಟು ರಿಸೆಟ್ ಮಾಡಬೇಡಿ ಎಂದು ಗೂಗಲ್ ಕೇಳಿಕೊಳ್ಳಬೇಕಾಯಿತು.

ಸಾಧನದ ಚಿಪ್ ಗಟ್ಟಿಯಾಗಿಯೇ ಇತ್ತು. ತಂತಿಯೂ ಹರಿದಿರಲಿಲ್ಲ. ತಾನು ಅಸಲಿ ಎಂದು ಫೋನಿಗೆ ಸಾಬೀತು ಮಾಡಲು ಅದರೊಳಗೆ ಡಿಜಿಟಲ್ ಪ್ರಮಾಣಪತ್ರಗಳ ಒಂದು ಸರಪಳಿ ಇರುತ್ತದೆ. ಆ ಸರಪಳಿಯ ಒಂದು ಕೊಂಡಿಗೆ ಹತ್ತು ವರ್ಷದ ಅವಧಿ ನಮೂದಾಗಿತ್ತು. ಅಂದಿಗೆ ಅದು ತೀರಿತು, ಅಷ್ಟೇ.

ಕೆಲವು ದಿನಗಳಲ್ಲಿ ಗೂಗಲ್ ಹೊಸ ಸಾಫ್ಟ್‌ವೇರ್ ಕಳಿಸಿ ಬಹುಪಾಲು ಸಾಧನಗಳನ್ನು ಎಬ್ಬಿಸಿತು. ಒಳ್ಳೆಯದಾಯಿತು. ಆದರೆ ಆ ದಿನಗಳಲ್ಲಿ ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಏನೂ ಇರಲಿಲ್ಲ. ಗೂಗಲ್ ಮನಸ್ಸು ಮಾಡದೇ ಇದ್ದಿದ್ದರೆ, ಅಥವಾ ತಯಾರಿಸಿದ ಕಂಪನಿ ಬಾಗಿಲು ಹಾಕಿ ಹೋಗಿದ್ದರೆ, ಸುಸ್ಥಿತಿಯಲ್ಲಿದ್ದ ಅಷ್ಟೂ ಸಾಧನಗಳು ಒಂದೇ ದಿನ ಕಸವಾಗುತ್ತಿದ್ದವು.

ದಸರೆಯಿಂದ ದೀಪಾವಳಿಯವರೆಗೆ ನಮ್ಮ ಪತ್ರಿಕೆಗಳ ಮುಖಪುಟ ತುಂಬುವುದು ಎಕ್ಸ್‌ಚೇಂಜ್ ಆಫರ್‌ಗಳು. ಹಳೆಯದು ಕೊಡಿ, ಹೊಸದು ಒಯ್ಯಿರಿ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ ಕೈಮುಗಿದ ಯಂತ್ರವನ್ನು ಮುಂದಿನ ವಾರ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಕೇಳಿಕೊಳ್ಳಬೇಕು: ಇದು ನಿಜಕ್ಕೂ ಸವೆದಿದೆಯೇ, ಇಲ್ಲಾ ಇದರ ಬೀಗದ ಅವಧಿ ಮುಗಿದಿದೆಯೇ?

ಬೀಗ ಬಂದ ದಾರಿ

ಕತೆ ಶುರುವಾಗುವುದು ವಿಸಿಆರ್‌ನಿಂದ. ಹಬ್ಬ, ಮದುವೆಗೆ ಬಾಡಿಗೆ ವಿಸಿಆರ್ ತಂದು ಊರಿಗೆ ಊರೇ ರಾತ್ರಿಯಿಡೀ ಸಿನಿಮಾ ನೋಡಿದ ಕಾಲವನ್ನು ಕರ್ನಾಟಕದ ಹಳ್ಳಿಗಳು ಮರೆತಿಲ್ಲ. ಅಮೆರಿಕದಲ್ಲಿ ಹಾಲಿವುಡ್ ಕಂಪನಿಗಳು ಆ ಯಂತ್ರವನ್ನೇ ಕೋರ್ಟಿಗೆ ಎಳೆದಿದ್ದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಯಂತ್ರ ತಯಾರಿಸಿದ ಸೋನಿ ಕಂಪನಿಯ ಪರ ತೀರ್ಪು ಕೊಟ್ಟಿತು. ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಅಪರಾಧವಲ್ಲ ಎಂದಿತು.

ಟೇಪಿನ ನಕಲಿಗೆ ನಕಲು ಮಾಡುತ್ತಾ ಹೋದರೆ ಚಿತ್ರ ಮಸುಕಾಗುತ್ತಿತ್ತು. ಡಿಜಿಟಲ್ ನಕಲು ಹಾಗಲ್ಲ, ನೂರನೆಯದೂ ಮೂಲದಷ್ಟೇ ಸ್ವಚ್ಛ. ನಿರ್ಮಾಪಕರ ಭಯಕ್ಕೆ ಅರ್ಥವಿತ್ತು. ಕೋಟಿಗಟ್ಟಲೆ ಸಾಲ ತಂದು ತೆಗೆದ ಕನ್ನಡ ಚಿತ್ರವೊಂದು ಬಿಡುಗಡೆಯ ದಿನವೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದನ್ನು ನೋಡಿದ ಯಾರೂ ಆ ನೋವನ್ನು ಹಗುರವಾಗಿ ಮಾತಾಡಲಾರರು. 2014ರಲ್ಲಿ ನಮ್ಮ ರಾಜ್ಯ ಸರ್ಕಾರ ಪೈರಸಿಯನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೆ ತಂದದ್ದೂ ಇದೇ ಕಾರಣಕ್ಕೆ.

ಹಾಗಾಗಿ 1996ರಲ್ಲಿ ಡಿವಿಡಿ ಬಂದಾಗ ಅದಕ್ಕೆ ಸಿಎಸ್ಎಸ್ ಎಂಬ ಬೀಗ ಹಾಕಿದರು. ಡಿಸ್ಕಿನೊಳಗಿನ ಚಿತ್ರವನ್ನು 40 ಬಿಟ್‌ಗಳ ಗುಪ್ತಕೀಲಿಯಿಂದ ಕಲಸಿಡುವುದು, ಪರವಾನಗಿ ಪಡೆದ ಪ್ಲೇಯರ್ ಮಾತ್ರ ಬಿಡಿಸಿ ತೋರಿಸುವುದು. 1999ರಲ್ಲಿ ಆ ಬೀಗ ಒಡೆಯಿತು. ಅದನ್ನು ಬಿಡಿಸುವ ಡಿಸಿಎಸ್ಎಸ್ ಎಂಬ ತಂತ್ರಾಂಶದ ಹಿಂದಿದ್ದವರಲ್ಲಿ ಒಬ್ಬ ನಾರ್ವೆಯ ಯಾನ್ ಲೆಕ್ ಯೋಹಾನ್ಸನ್. ಅವನಿಗಾಗ 15 ವರ್ಷ. ಲಿನಕ್ಸ್ ಕಂಪ್ಯೂಟರಿನಲ್ಲಿ ತಾನೇ ಕೊಂಡ ಡಿವಿಡಿ ನೋಡಲು ಇದು ಬೇಕಿತ್ತು ಎಂಬುದು ಅವನ ವಾದ. ಪೊಲೀಸರು ಮನೆಗೆ ಬಂದರು, ಮೊಕದ್ದಮೆ ನಡೆಯಿತು. 2003ರಲ್ಲಿ ಕೆಳಗಿನ ಕೋರ್ಟೂ ಮೇಲ್ಮನವಿಯ ಕೋರ್ಟೂ ಅವನನ್ನು ನಿರ್ದೋಷಿ ಎಂದವು.

ಅಷ್ಟರಲ್ಲಿ ಅಮೆರಿಕ ಇನ್ನೊಂದು ಹೆಜ್ಜೆ ಇಟ್ಟಾಗಿತ್ತು. 1998ರ ಅಕ್ಟೋಬರ್ 28ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆಯ 1201ನೇ ಸೆಕ್ಷನ್, ನಕಲು ಮಾಡುವುದನ್ನಷ್ಟೇ ಅಲ್ಲದೆ ಬೀಗ ಬಿಡಿಸುವುದನ್ನೇ ಅಪರಾಧವಾಗಿಸಿತು. ಲಾಭಕ್ಕಾಗಿ ಬೇಕೆಂದೇ ಮಾಡಿದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಐದು ಲಕ್ಷ ಡಾಲರ್‌ವರೆಗೆ ದಂಡ. ಬೀಗದ ಹಿಂದೆ ಏನಿದೆ, ಅದನ್ನು ತೆರೆದವರು ಕಳ್ಳರೋ ಮನೆಯವರೋ ಎಂಬ ವಿವೇಚನೆಗೆ ಅಲ್ಲಿ ಜಾಗ ಬಹಳ ಕಡಿಮೆ. ಈ ಒಂದು ಸೆಕ್ಷನ್ ಮುಂದೆ ಟಿವಿಯಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲದರ ಹಣೆಬರಹ ಬರೆಯಿತು.

> ಐದೇ ಸಲ!
> ಡಿವಿಡಿ ಲೋಕ ಭೂಮಿಯನ್ನು ವಲಯಗಳಾಗಿ ಹಂಚಿಕೊಂಡಿತ್ತು. ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ಭಾರತ 5. ಅಮೆರಿಕದಲ್ಲಿರುವ ಮಗ ಮೊಮ್ಮಕ್ಕಳಿಗೆಂದು ತಂದ ಡಿಸ್ಕ್ ಮೈಸೂರಿನ ಮನೆಯ ಪ್ಲೇಯರ್‌ನಲ್ಲಿ ಓಡದೇ ಇದ್ದುದರ ಗುಟ್ಟು ಇದು. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ವಲಯವನ್ನು ಐದು ಸಲ ಬದಲಿಸಲು ಅವಕಾಶವಿತ್ತು. ಐದನೆಯ ಸಲ ಯಾವ ವಲಯದಲ್ಲಿತ್ತೋ ಆ ಡ್ರೈವ್ ಶಾಶ್ವತವಾಗಿ ಆ ವಲಯಕ್ಕೇ ಸೇರಿತು.

ಚಿತ್ರ ಕಳೆದುಕೊಂಡ ಟಿವಿ

ಡಿಸ್ಕಿನ ಬೀಗ ಸಾಲದೆಂದು ತಂತಿಗೂ ಬೀಗ ಬಂತು. ಇಂಟೆಲ್ ರೂಪಿಸಿದ ಅದರ ಹೆಸರು ಎಚ್‌ಡಿಸಿಪಿ. ಸೆಟ್‌ಟಾಪ್ ಬಾಕ್ಸನ್ನೋ ಬ್ಲೂ-ರೇ ಪ್ಲೇಯರನ್ನೋ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಸಿಕ್ಕಿಸಿದಾಗ, ಚಿತ್ರ ಮೂಡುವ ಮೊದಲು ಎರಡೂ ಯಂತ್ರಗಳು ತಮ್ಮೊಳಗಿನ ಗುಪ್ತ ಸಂಖ್ಯೆಗಳ ನೆರವಿನಿಂದ ಪರಸ್ಪರ ಪರೀಕ್ಷಿಸಿಕೊಳ್ಳುತ್ತವೆ. ಲೆಕ್ಕ ತಾಳೆಯಾದರೆ ಚಿತ್ರ. ಇಲ್ಲವಾದರೆ ಕಪ್ಪು ಪರದೆ, ಅಥವಾ ಮಸುಕು ಚಿತ್ರ.

ಈ ಬೀಗ ಬರುವ ಮುಂಚೆಯೇ ಅಮೆರಿಕದಲ್ಲಿ ಎಚ್‌ಡಿ ಟಿವಿ ಕೊಂಡ ಕುಟುಂಬಗಳಿದ್ದವು. ಆ ಟಿವಿಗಳಲ್ಲಿ ಎಚ್‌ಡಿ ಚಿತ್ರ ಬರುತ್ತಿದ್ದುದು ಕೆಂಪು, ಹಸಿರು, ನೀಲಿ ಪಿನ್ನುಗಳ ಅನಲಾಗ್ ಕೇಬಲ್‌ನಿಂದ. ಆ ದಾರಿಯಲ್ಲಿ ಬೀಗ ಹಾಕಲು ಬರುವುದಿಲ್ಲ. ಆದ್ದರಿಂದ ದಾರಿಯನ್ನೇ ಮುಚ್ಚಿದರು. ಬ್ಲೂ-ರೇ ಪರವಾನಗಿ ನಿಯಮದ ಪ್ರಕಾರ 2010ರ ಬಳಿಕ ತಯಾರಾದ ಪ್ಲೇಯರ್‌ಗಳು ಆ ಕೇಬಲ್‌ನಲ್ಲಿ ಬ್ಲೂ-ರೇ ಸಿನಿಮಾವನ್ನು ಹಳೆಯ ಟಿವಿಯ ಮಟ್ಟದ ಸ್ಪಷ್ಟತೆಯಲ್ಲಷ್ಟೇ ಕಳಿಸಬೇಕಿತ್ತು. 2013ರ ಬಳಿಕ ತಯಾರಾದವು ಅದನ್ನೂ ಕಳಿಸುವಂತಿರಲಿಲ್ಲ. ಟಿವಿಯ ಪರದೆ ಮೊದಲ ದಿನದಷ್ಟೇ ಚೆನ್ನಾಗಿತ್ತು. ಅದಕ್ಕೆ ಎಚ್‌ಡಿ ಸಿನಿಮಾ ಕೊಡಬಲ್ಲ ಹೊಸ ಪ್ಲೇಯರ್ ಮಾತ್ರ ಪೇಟೆಯಲ್ಲಿ ಇರಲಿಲ್ಲ.

4ಕೆ ಬಂದಾಗ ಇದೇ ಪುನರಾವರ್ತನೆ. ಮೊದಲ 4ಕೆ ಟಿವಿಗಳನ್ನು ಭಾರಿ ಬೆಲೆ ತೆತ್ತು ಕೊಂಡವರಲ್ಲಿ ಹಲವರಿಗೆ ಬೇಗನೆ ತಿಳಿಯಿತು, ಹೊಸ 4ಕೆ ಸಿನಿಮಾಗಳು ಕೇಳುವುದು ಎಚ್‌ಡಿಸಿಪಿ 2.2 ಎಂಬ ಹೊಸ ಬೀಗವನ್ನು. ತಮ್ಮ ಟಿವಿಯಲ್ಲಿರುವುದು ಅದರ ಹಿಂದಿನದು.

ಕಳ್ಳರಿಗೆ ಇದರಿಂದ ಎಷ್ಟು ತೊಂದರೆಯಾಯಿತು? 2010ರ ಸೆಪ್ಟೆಂಬರ್‌ನಲ್ಲಿ ಎಚ್‌ಡಿಸಿಪಿಯ ಮೊದಲ ಆವೃತ್ತಿಯ ಮೂಲಕೀಲಿಯೇ ಅಂತರ್ಜಾಲದಲ್ಲಿ ಬಯಲಾಯಿತು. ಅದು ಅಸಲಿ ಎಂದು ಇಂಟೆಲ್ಲೇ ಒಪ್ಪಿತು. ಕೋಟೆ ಕೊಳ್ಳೆ ಹೋದ ಮೇಲೂ ದಿಡ್ಡಿ ಬಾಗಿಲ ಕಾವಲು ತೆಗೆಯಲಿಲ್ಲ. ಕಾಸು ಕೊಟ್ಟು ಡಿಸ್ಕ್ ಕೊಂಡವರ ಮನೆಯಲ್ಲಿ ತಪಾಸಣೆ ಮುಂದುವರಿಯಿತು. ಕದ್ದ ಕಡತಕ್ಕೆ ಬೀಗವೇ ಇಲ್ಲ, ಅದು ಯಾವ ಟಿವಿಯಲ್ಲಾದರೂ ಓಡುತ್ತದೆ. ಪ್ರಾಮಾಣಿಕ ಗ್ರಾಹಕರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

2019ರ ಡಿಸೆಂಬರ್‌ನಲ್ಲಿ ಅಮೆರಿಕದ ಕೆಲವು ಹಳೆಯ ಸ್ಯಾಮ್‌ಸಂಗ್ ಸ್ಮಾರ್ಟ್ ಟಿವಿಗಳಲ್ಲೂ ರೋಕು ಸಾಧನಗಳಲ್ಲೂ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಆ ಟಿವಿಗಳು 2010, 2011ರ ಮಾದರಿಗಳು. ಅವುಗಳಲ್ಲಿದ್ದ ಬೀಗ ಮೈಕ್ರೋಸಾಫ್ಟಿನ ಹಳೆಯ ವಿಂಡೋಸ್ ಮೀಡಿಯಾ ಡಿಆರ್‌ಎಂ. ನೆಟ್‌ಫ್ಲಿಕ್ಸ್ ಹೊಸ ಬೀಗಕ್ಕೆ ದಾಟಿ ವರ್ಷಗಳಾಗಿದ್ದವು ಎಂದು ಆಗ ವರದಿಯಾಯಿತು. ಒಂಬತ್ತು ವರ್ಷದ ಟಿವಿ ಎಂದರೆ ಮುದಿಯೇ? ಬಿಪಿಎಲ್, ಒನಿಡಾ, ಡಯನೋರಾ ಕಾಲದಲ್ಲಿ ಇಎಚ್‌ಟಿ ಬದಲಿಸಿ, ಕೆಪಾಸಿಟರ್ ಬದಲಿಸಿ ಹದಿನೈದು ಇಪ್ಪತ್ತು ವರ್ಷ ಓಡಿಸಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಟಿವಿ ಸರ್ಕ್ಯೂಟ್‌ಗಳ ಪುಸ್ತಕ ಅಂಗಡಿಯಲ್ಲಿ ಸಿಗುತ್ತಿತ್ತು, ಬೀದಿ ಕೊನೆಯ ಮೆಕ್ಯಾನಿಕ್ ಅದನ್ನು ಓದಿ ಕಲಿಯುತ್ತಿದ್ದ.

ಅಟ್ಟ ಸೇರಿದ ಸೆಟ್‌ಟಾಪ್ ಬಾಕ್ಸ್

ಇದೆಲ್ಲ ಪರದೇಶದ ಮಾತು ಎಂದುಕೊಳ್ಳುವವರು ತಮ್ಮ ಮನೆಯ ಅಟ್ಟ ಹುಡುಕಬೇಕು. ಬಹುಶಃ ಅಲ್ಲೊಂದು ಹಳೆಯ ಸೆಟ್‌ಟಾಪ್ ಬಾಕ್ಸ್ ಇರುತ್ತದೆ.

ಕೇಬಲ್ ಟಿವಿಯ ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಂದಿಗೆ ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳು ಬಾಕ್ಸ್ ಕೊಳ್ಳಲೇಬೇಕಾಯಿತು. 2017ರ ಮಾರ್ಚ್ ವೇಳೆಗೆ ಹಳ್ಳಿಗಳಿಗೂ ಅದೇ ಗಡುವು. ಪ್ರತಿ ಬಾಕ್ಸಿನೊಳಗೂ ಷರತ್ತುಬದ್ಧ ಪ್ರವೇಶದ ಬೀಗ ಇರುತ್ತದೆ. ಯಾವ ಚಾನೆಲ್‌ಗೆ ದುಡ್ಡು ಕಟ್ಟಿದ್ದೇವೋ ಅದನ್ನಷ್ಟೇ ಅದು ತೆರೆಯುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇರುವುದು ಮುಂದೆ. ಒಬ್ಬ ಆಪರೇಟರ್ ಒಂದು ಕಂಪನಿಯ ಬೀಗ ಬಳಸಿದರೆ ಇನ್ನೊಬ್ಬರದು ಬೇರೆ ಕಂಪನಿಯದು. ಕೇಬಲ್‌ನವರ ಸೇವೆ ಸರಿಯಿಲ್ಲವೆಂದು ಡಿಶ್ ಹಾಕಿಸಿದರೆ, ಒಂದು ಡಿಶ್ ಬಿಟ್ಟು ಇನ್ನೊಂದಕ್ಕೆ ಹೋದರೆ, ಬಾಡಿಗೆ ಮನೆ ಬದಲಿಸಿ ಬೇರೆ ಬಡಾವಣೆಗೆ ಬಂದರೆ, ಹಳೆಯ ಬಾಕ್ಸ್ ಅಲ್ಲಿಗೆ ಮುಗಿಯಿತು. ರಿಮೋಟ್, ಅಡಾಪ್ಟರ್ ಸಮೇತ ಸುಸ್ಥಿತಿಯಲ್ಲಿರುವ ಯಂತ್ರ ಅಟ್ಟಕ್ಕೆ ಏರುತ್ತದೆ.

2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ನಮಗೆ ಸಿಕ್ಕಿತು. ಬಾಕ್ಸಿಗೆ ಅಂಥ ಹಕ್ಕು ಏಕಿಲ್ಲ? ಡಿಟಿಎಚ್ ಪರವಾನಗಿಯ ಷರತ್ತಿನಲ್ಲಿ ಈ ಹೊಂದಾಣಿಕೆಯ ಮಾತು ಮೊದಲಿನಿಂದಲೂ ಇತ್ತು. ಬಾಕ್ಸಿನ ಬೆನ್ನಲ್ಲಿ ಬೇರೆ ಕಂಪನಿಯ ಬೀಗದ ಕಾರ್ಡ್ ತೂರಿಸಲು ಕಿಂಡಿ ಇರಬೇಕೆಂಬ ಕಲ್ಪನೆ ಅದು. ಪೇಟೆಯಲ್ಲಿ ಅದು ಎಂದೂ ಬಳಕೆಗೆ ಬರಲಿಲ್ಲ. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಎಲ್ಲ ಸೆಟ್‌ಟಾಪ್ ಬಾಕ್ಸ್‌ಗಳೂ ಪರಸ್ಪರ ಹೊಂದಬೇಕು, ಅದಕ್ಕಾಗಿ ಪರವಾನಗಿ ಮತ್ತು ನಿಯಮಗಳಿಗೆ ತಿದ್ದುಪಡಿ ತರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಒಳ್ಳೆಯದಿತ್ತು. ನಮ್ಮ ಅಟ್ಟಗಳನ್ನು ಅದು ಮುಟ್ಟಲಿಲ್ಲ.

ಇಂಕಿಗೂ ಬೀಗ, ಪರದೆಗೂ ಬೀಗ

ಬೀಗದ ರುಚಿ ಹತ್ತಿದ ಮೇಲೆ ಅದು ಸಿನಿಮಾ ಹಾಡುಗಳಲ್ಲೇ ಉಳಿಯಲಿಲ್ಲ. ಪ್ರಿಂಟರ್ ತಯಾರಿಸುವ ಲೆಕ್ಸ್‌ಮಾರ್ಕ್ ಟೋನರ್ ಡಬ್ಬಿಯಲ್ಲಿ ಚಿಪ್ ಕೂರಿಸಿತು. ಆ ಚಿಪ್ಪಿನಂತೆಯೇ ನಡೆದುಕೊಳ್ಳುವ ಇನ್ನೊಂದನ್ನು ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಕಂಪನಿ ತಯಾರಿಸಿದಾಗ ಲೆಕ್ಸ್‌ಮಾರ್ಕ್ ಎಳೆದು ತಂದದ್ದು ಅದೇ ಕಾಪಿರೈಟ್ ಕಾಯ್ದೆಯನ್ನು. ಕಾಪಾಡಬೇಕಿದ್ದ 'ಕೃತಿ' ಯಾವುದು ಗೊತ್ತೇ? ಟೋನರ್ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುವ, 55 ಬೈಟ್ ದಾಟದ ಪುಟ್ಟ ತಂತ್ರಾಂಶ. ಈ ಸಾಲಿನ ಅಕ್ಷರಗಳಿಗೇ ಅಷ್ಟು ಜಾಗ ಸಾಲದು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಲೆಕ್ಸ್‌ಮಾರ್ಕ್ ವಾದವನ್ನು ಒಪ್ಪಲಿಲ್ಲ.

ಕೋರ್ಟ್ ಒಪ್ಪದಿದ್ದರೇನು, ತಂತ್ರ ಉಳಿಯಿತು. 2016ರ ಸೆಪ್ಟೆಂಬರ್ 13ರಂದು ಎಚ್‌ಪಿ ಕಂಪನಿಯ ಹಲವು ಇಂಕ್‌ಜೆಟ್ ಪ್ರಿಂಟರ್‌ಗಳು ಬೇರೆ ಕಂಪನಿಯ ಕಾರ್ಟ್ರಿಜ್‌ಗಳನ್ನು ಒಮ್ಮೆಗೇ ತಿರಸ್ಕರಿಸಿದವು. ಹಿಂದಿನ ದಿನದವರೆಗೆ ಅದೇ ಕಾರ್ಟ್ರಿಜ್‌ನಲ್ಲಿ ಮುದ್ರಣ ನಡೆದಿತ್ತು. ತಿಂಗಳುಗಳ ಹಿಂದೆ ಬಂದ ಅಪ್‌ಡೇಟ್‌ನೊಳಗೆ ಆ ತಾರೀಖು ಹುದುಗಿತ್ತು. ಜನರ ಸಿಟ್ಟಿಗೆ ಮಣಿದ ಕಂಪನಿ ಆ ತಡೆಯನ್ನು ತೆಗೆದುಹಾಕುವ ಇನ್ನೊಂದು ಅಪ್‌ಡೇಟ್ ಕೊಡಬೇಕಾಯಿತು.

ಆಮೇಲೆ ಬಂದದ್ದು ಬಿಡಿಭಾಗಗಳ ಜೋಡಿ ಬೀಗ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ನ್ಯಾಷನಲ್ ಮಾರ್ಕೆಟ್‌ನಲ್ಲೋ ಫೋನ್ ರಿಪೇರಿ ಮಾಡುವವರನ್ನು ಕೇಳಿದರೆ ಇದರ ಬಿಸಿ ಗೊತ್ತಾಗುತ್ತದೆ. ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾಗಳ ಕ್ರಮಸಂಖ್ಯೆಯನ್ನು ಫೋನಿನ ಬೋರ್ಡ್ ನೆನಪಿಟ್ಟುಕೊಂಡಿರುತ್ತದೆ. ಅದೇ ಮಾದರಿಯ ಇನ್ನೊಂದು ಫೋನಿನಿಂದ ಅಸಲಿ ಭಾಗವನ್ನೇ ಕಿತ್ತು ಹಾಕಿದರೂ ಅದು ಪರಕೀಯ. ಐಫೋನ್ 13 ಬಂದಾಗ ಪರದೆಯನ್ನು ಹೊರಗಿನ ಅಂಗಡಿಯಲ್ಲಿ ಬದಲಿಸಿದರೆ ಮುಖ ಗುರುತಿಸುವ ಫೇಸ್ ಐಡಿ ನಿಂತುಹೋಗುತ್ತಿತ್ತು. ಪ್ರತಿಭಟನೆ ಜೋರಾದ ಬಳಿಕ 2021ರ ಕೊನೆಗೆ ಆಪಲ್ ಅದನ್ನು ಸರಿಪಡಿಸುವುದಾಗಿ ಹೇಳಿತು.

ಕದ್ದ ಫೋನಿನ ಭಾಗಗಳು ಮಾರಾಟವಾಗಬಾರದು, ಬೆರಳಚ್ಚಿನ ಭದ್ರತೆ ಕೆಡಬಾರದು ಎನ್ನುವುದು ಕಂಪನಿಗಳ ಸಮರ್ಥನೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರ ಮೇ ತಿಂಗಳಲ್ಲಿ ಸಂಸತ್ತಿಗೆ ಕೊಟ್ಟ ವರದಿ, ರಿಪೇರಿಗೆ ಹಾಕುವ ನಿರ್ಬಂಧಗಳನ್ನು ಸಮರ್ಥಿಸುವ ಪುರಾವೆ ತೀರಾ ಅಲ್ಪ ಎಂದಿತು. ಆರೆಗನ್ ರಾಜ್ಯ 2024ರ ಮಾರ್ಚ್‌ನಲ್ಲಿ, ರಿಪೇರಿ ತಡೆಯಲು ಬಿಡಿಭಾಗಗಳಿಗೆ ಜೋಡಿ ಬೀಗ ಹಾಕುವುದನ್ನೇ ನಿಷೇಧಿಸಿ ಕಾನೂನು ಮಾಡಿತು. ಅಮೆರಿಕದಲ್ಲಿ ಆ ಧೈರ್ಯ ತೋರಿದ ಮೊದಲ ರಾಜ್ಯ ಅದು.

> ಐಸ್‌ಕ್ರೀಂ ಯಂತ್ರಕ್ಕೆ ವಿನಾಯಿತಿ
> ಅಮೆರಿಕದ 1201ನೇ ಸೆಕ್ಷನ್‌ನಿಂದ ಯಾವುದಕ್ಕೆ ವಿನಾಯಿತಿ ಎಂಬುದನ್ನು ಮೂರು ವರ್ಷಕ್ಕೊಮ್ಮೆ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಮುಖ್ಯಸ್ಥರು ತೀರ್ಮಾನಿಸುತ್ತಾರೆ. 2015ರಲ್ಲಿ ರೈತರು ತಮ್ಮ ಟ್ರ್ಯಾಕ್ಟರ್‌ನ ಸಾಫ್ಟ್‌ವೇರ್ ಬೀಗ ಬಿಡಿಸಿ ರಿಪೇರಿ ಮಾಡಿಕೊಳ್ಳಲು ಅನುಮತಿ ದೊರೆಯಿತು. ಆ ಸಂದರ್ಭದಲ್ಲಿ ಜಾನ್ ಡಿಯರ್ ಕಂಪನಿಯ ವಾದ, ಯಂತ್ರದೊಳಗಿನ ಸಾಫ್ಟ್‌ವೇರ್ ರೈತರದ್ದಲ್ಲ, ಬಳಸುವ ಪರವಾನಗಿಯಷ್ಟೇ ಅವರದ್ದು ಎಂದಿತ್ತು. 2024ರ ಅಕ್ಟೋಬರ್‌ನಲ್ಲಿ ಅಂಗಡಿ ಹೋಟೆಲುಗಳ ಐಸ್‌ಕ್ರೀಂ ಯಂತ್ರಗಳಿಗೂ ವಿನಾಯಿತಿ ಸಿಕ್ಕಿತು. ಆದರೆ ಬೀಗ ಬಿಡಿಸುವ ಉಪಕರಣವನ್ನು ಮಾರುವುದು ಈಗಲೂ ಅಪರಾಧ. ತೆರೆಯಬಹುದು, ತೆರೆಯುವ ಸಾಧನವನ್ನು ಮಾತ್ರ ಕೊಳ್ಳುವಂತಿಲ್ಲ.

ಹಳೆ ಫೋನಿಗೆ ಮರುಜೀವ ಕೊಡಹೊರಟವರು

ಯಂತ್ರವನ್ನು ಎಸೆಯಲು ಮನಸ್ಸಾಗದ ಜನ ನಮ್ಮ ನಡುವೆ ಧಾರಾಳವಾಗಿದ್ದಾರೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಆಂಡ್ರಾಯ್ಡ್ ಫೋನಿಗೆ ಲಿನೇಜ್ ಓಎಸ್‌ನಂಥ ಮುಕ್ತ ತಂತ್ರಾಂಶ ಹಾಕಿ ಇನ್ನೂ ಮೂರ್ನಾಲ್ಕು ವರ್ಷ ಓಡಿಸುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿದ್ದಾರೆ. ಅವರನ್ನು ನೋಡಿದರೆ ನನಗೆ ಹೆಮ್ಮೆ.

ಆದರೆ ಅವರ ಶ್ರಮಕ್ಕೂ ಬೀಗ ಅಡ್ಡ ಬರುತ್ತದೆ. ಒಟಿಟಿ ಆ್ಯಪ್‌ಗಳು ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ವೈಡ್‌ವೈನ್ ಎಂಬ ಬೀಗವನ್ನು ನಂಬುತ್ತವೆ. ಅದರಲ್ಲಿ ದರ್ಜೆಗಳಿವೆ. ಚಿಪ್ಪಿನ ಭದ್ರ ಕೋಣೆಯೊಳಗೇ ಚಿತ್ರ ಬಿಡಿಸುವ ಎಲ್1 ಇದ್ದರೆ ಎಚ್‌ಡಿ, ಕೆಳದರ್ಜೆಯ ಎಲ್3 ಇದ್ದರೆ ಸಾಮಾನ್ಯವಾಗಿ ಮಸುಕು ಚಿತ್ರವೇ ಗತಿ. 2018ರಲ್ಲಿ ಭಾರತದಲ್ಲಿ ಬಿಸಿ ದೋಸೆಯಂತೆ ಖರ್ಚಾದ ಪೊಕೊ ಎಫ್1 ಫೋನಿನಲ್ಲಿ ಎಲ್1 ಇರಲಿಲ್ಲ. ಪರದೆ ಚೆನ್ನಾಗಿತ್ತು, ಪ್ರೊಸೆಸರ್ ವೇಗದ್ದಿತ್ತು, ನೆಟ್‌ಫ್ಲಿಕ್ಸ್ ಮಾತ್ರ ಮಸುಕು. 2019ರಲ್ಲಿ ಅಪ್‌ಡೇಟ್ ಬರುವವರೆಗೂ ಅದೇ ಪಾಡು.

ಮುಕ್ತ ತಂತ್ರಾಂಶ ಹಾಕಲು, ಫೋನನ್ನು ಶುರುಮಾಡುವ ಬೂಟ್‌ಲೋಡರ್‌ನ ಬೀಗ ತೆರೆದರೆ ಎಷ್ಟೋ ಫೋನುಗಳು ಎಲ್1ನಿಂದ ಎಲ್3ಕ್ಕೆ ಇಳಿಯುತ್ತವೆ. ಹಲವು ಬ್ಯಾಂಕ್ ಆ್ಯಪ್‌ಗಳೂ ಯುಪಿಐ ಆ್ಯಪ್‌ಗಳೂ ಈ ಫೋನು ಸುರಕ್ಷಿತವಲ್ಲ ಎಂದು ಬಾಗಿಲು ಮುಚ್ಚುತ್ತವೆ. ತರಕಾರಿ ಗಾಡಿಯಲ್ಲೂ ಸ್ಕ್ಯಾನ್ ಮಾಡಿ ಹಣ ಕೊಡುವ ನಾಡಿನಲ್ಲಿ ಯುಪಿಐ ಇಲ್ಲದ ಫೋನ್ ಯಾರಿಗೆ ಬೇಕು? ವಿಚಿತ್ರ ನೋಡಿ. ವರ್ಷಗಳಿಂದ ಭದ್ರತಾ ಅಪ್‌ಡೇಟ್ ಕಾಣದ ಕಂಪನಿಯ ತಂತ್ರಾಂಶ ಈ ಪರೀಕ್ಷೆಯಲ್ಲಿ ಪಾಸಾಗಬಹುದು, ತಾಜಾ ಅಪ್‌ಡೇಟ್ ಇರುವ ಮುಕ್ತ ತಂತ್ರಾಂಶ ಫೇಲಾಗುತ್ತದೆ.

ಕಂಪ್ಯೂಟರಿನ ಕತೆಯೂ ಹತ್ತಿರದ್ದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಗುಪ್ತಕೀಲಿಗಳ ಚಿಪ್ ಇರಬೇಕು, ಪ್ರೊಸೆಸರ್ ಕೂಡ ನಿಗದಿತ ಪಟ್ಟಿಯಲ್ಲಿರಬೇಕು. ಈ ಕಾರಣಕ್ಕೆ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಅವುಗಳಲ್ಲಿ ಲಿನಕ್ಸ್ ಹಾಕಿ ಸರ್ಕಾರಿ ಶಾಲೆಗೆ ಕೊಡಬಹುದಾದವು ಎಷ್ಟಿದ್ದಾವು!

ನಮ್ಮ ಕಾನೂನಿನಲ್ಲಿ ತೆರೆದಿಟ್ಟ ಬಾಗಿಲು

ಇಲ್ಲೊಂದು ಸಮಾಧಾನದ ಸಂಗತಿ ಇದೆ. ಹೆಚ್ಚಿನ ರಿಪೇರಿ ಅಂಗಡಿಗಳಿಗೆ ಇದು ಗೊತ್ತಿರಲಾರದು, ಗೊತ್ತಾಗಬೇಕು.

ಭಾರತ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು 65ಎ ಎಂಬ ಸೆಕ್ಷನ್ ಸೇರಿಸಿತು. ಡಿಜಿಟಲ್ ಬೀಗಗಳಿಗೆ ಕಾನೂನಿನ ರಕ್ಷಣೆ ಕೊಡಬೇಕೆಂದು 1996ರ ಅಂತರರಾಷ್ಟ್ರೀಯ ಒಪ್ಪಂದವೊಂದು ಹೇಳಿತ್ತು. ಆ ಒಪ್ಪಂದಕ್ಕೆ ನಾವು ಸೇರಿದ್ದು 2018ರಲ್ಲಿ. ಅದಕ್ಕೂ ಮೊದಲೇ ನಮ್ಮ ಸಂಸತ್ತು ತನ್ನದೇ ರೀತಿಯಲ್ಲಿ ಯೋಚಿಸಿತ್ತು.

ನಮ್ಮ ಸೆಕ್ಷನ್ ಪ್ರಕಾರ ಬೀಗ ಬಿಡಿಸಿದ ಮಾತ್ರಕ್ಕೆ ಅಪರಾಧವಿಲ್ಲ. ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬಿಡಿಸಿದ್ದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಬಿಡಿಸಿದ್ದರೆ ಈ ಸೆಕ್ಷನ್ ಅಡ್ಡಬರುವುದಿಲ್ಲ ಎಂದು ಎರಡನೇ ಉಪವಿಭಾಗ ಹೇಳುತ್ತದೆ. ಗೂಢಲಿಪಿ ಸಂಶೋಧನೆ, ಭದ್ರತಾ ಪರೀಕ್ಷೆಗಳಿಗೂ ಪ್ರತ್ಯೇಕ ವಿನಾಯಿತಿ ಇದೆ. ಅಮೆರಿಕದವರು ಮೂರು ವರ್ಷಕ್ಕೊಮ್ಮೆ ಅರ್ಜಿ ಹಿಡಿದು ಕೇಳುವ ವಿವೇಚನೆಯನ್ನು ನಮ್ಮ ಕಾಯ್ದೆ ಮೂಲದಲ್ಲೇ ಇಟ್ಟಿದೆ.

ಇನ್ನೊಂದು ಷರತ್ತನ್ನೂ ಗಮನಿಸಬೇಕು. ಇಂಥ ನ್ಯಾಯಯುತ ಉದ್ದೇಶಕ್ಕೆ ಬೀಗ ಬಿಡಿಸಲು ಬೇರೆಯವರಿಗೆ ನೆರವಾಗುವವರು, ಅವರ ಹೆಸರು, ವಿಳಾಸ, ಯಾವ ಉದ್ದೇಶಕ್ಕೆ ಎಂಬ ವಿವರಗಳ ಪೂರ್ಣ ದಾಖಲೆ ಇಟ್ಟುಕೊಳ್ಳಬೇಕು. ಅಂದರೆ ಅಂಗಡಿಯಲ್ಲಿ ಒಂದು ರಿಜಿಸ್ಟರ್ ಇರಬೇಕು. ಕಾನೂನು ರಿಪೇರಿಯವರನ್ನು ಕಳ್ಳರೆಂದು ಕಾಣದೆ, ಲೆಕ್ಕ ಇಡುವ ಜವಾಬ್ದಾರಿಯುತ ಕಸುಬುದಾರರಾಗಿ ಕಂಡಿದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಕೊರತೆ ಬೇರೆ ಕಡೆ ಇದೆ. ಬೀಗ ಬಿಡಿಸಬಹುದು ಎಂದಷ್ಟೇ ನಮ್ಮ ಕಾನೂನು ಹೇಳುತ್ತದೆ. ಕೀಲಿ ಕೊಡು ಎಂದು ಕಂಪನಿಗೆ ಹೇಳುವುದಿಲ್ಲ. ಸರ್ವರ್ ಮುಚ್ಚುವ ಮೊದಲು ಬೀಗ ತೆಗೆದುಹೋಗು ಎಂದೂ ಹೇಳುವುದಿಲ್ಲ. ಇಂದಿನ ಗೂಢಲಿಪಿಯ ಮುಂದೆ ಸುತ್ತಿಗೆ, ಸೋಲ್ಡರಿಂಗ್ ಗನ್ನು ಏನೂ ಮಾಡಲಾರವು.

> ಕೊಂಡದ್ದು ಮಾಯವಾದಾಗ
> 2009ರ ಜುಲೈನಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲ್‌ನ 'ನೈನ್‌ಟೀನ್ ಎಯ್ಟಿ-ಫೋರ್' ಮತ್ತು 'ಆನಿಮಲ್ ಫಾರ್ಮ್' ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಮಾರಿದವರಿಗೆ ಅದರ ಹಕ್ಕಿರಲಿಲ್ಲ ಎಂಬುದು ಕಾರಣ. ಆಮೇಲೆ ಕ್ಷಮೆ ಕೇಳಿತು.
> 2016ರ ಮೇ 15ರಂದು ರಿವಾಲ್ವ್ ಎಂಬ 300 ಡಾಲರಿನ ಸ್ಮಾರ್ಟ್ ಹೋಮ್ ಸಾಧನದ ಸರ್ವರ್ ಮುಚ್ಚಿತು. ಮನೆಗಳಲ್ಲಿ ಉಳಿದದ್ದು ಖಾಲಿ ಪ್ಲಾಸ್ಟಿಕ್ ಡಬ್ಬಿ.
> 2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿತು. ಹಣ ವಾಪಸಾಯಿತು. ಪುಸ್ತಕಗಳು ಹೋದವು.

ಕಸದ ಗುಡ್ಡೆ, ಅಂಕದ ಪಟ್ಟಿ

2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು. ವಿಶ್ವಸಂಸ್ಥೆಯ ವರದಿಯ ಪ್ರಕಾರ ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಉಳಿದದ್ದರಲ್ಲಿ ಒಂದಷ್ಟು ನಮ್ಮ ಊರುಗಳ ಹಿಂದಿನ ಓಣಿಗಳಲ್ಲಿ ಆಸಿಡ್‌ನಲ್ಲಿ ಮುಳುಗಿ, ಬೆಂಕಿಯಲ್ಲಿ ಬೆಂದು, ಚೂರು ತಾಮ್ರಕ್ಕಾಗಿ ಮನುಷ್ಯರ ಶ್ವಾಸಕೋಶ ತಿನ್ನುತ್ತದೆ. ಒಂದು ಅಪ್‌ಡೇಟ್ ಕೊಟ್ಟಿದ್ದರೆ ಉಳಿಯುತ್ತಿದ್ದ ಯಂತ್ರವೂ ಆ ರಾಶಿಯಲ್ಲಿ ಸೇರಿದೆ ಎನ್ನುವುದು ನನ್ನನ್ನು ಕಾಡುತ್ತದೆ.

ಯುರೋಪ್ ಎಚ್ಚೆತ್ತಿದೆ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮೆಷಿನ್‌ಗಳ ಮೇಲೆ ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಹತ್ತಕ್ಕೆ ಎಷ್ಟು ಅಂಕ ಎಂದು ಅಚ್ಚಾಗತೊಡಗಿತು. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಮಾರಾಟಕ್ಕೆ ಬರುವ ಹೊಸ ಫೋನ್ ಮಾದರಿಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಐದು ವರ್ಷ ಅಪ್‌ಡೇಟ್ ಕಡ್ಡಾಯ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಕೊಂಡವರೇ ಬಿಚ್ಚುವಂತಿರಬೇಕು.

ನಮ್ಮಲ್ಲೂ ಚಲನೆ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ನಿಧಿ ಖರೆ ಅಧ್ಯಕ್ಷತೆಯಲ್ಲಿ ರಿಪೇರಿ ಹಕ್ಕಿನ ಸಮಿತಿ ರಚಿಸಿತು. ಕೃಷಿ ಯಂತ್ರ, ಫೋನ್, ಗೃಹಬಳಕೆ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅದೇ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಇದಕ್ಕಾಗಿ ಪೋರ್ಟಲ್ ಬಂತು. ಬಳಿಕ ಭರತ್ ಖೇರಾ ನೇತೃತ್ವದ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ರಿಪೇರಿ ಸೂಚ್ಯಂಕದ ವರದಿ ಸಲ್ಲಿಸಿತು. ಮೊದಲಿಗೆ ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ ಅಂಕ. ಬಿಚ್ಚುವುದು ಎಷ್ಟು ಸುಲಭ, ರಿಪೇರಿಯ ಮಾಹಿತಿ ಸಿಗುತ್ತದೆಯೇ, ಬಿಡಿಭಾಗ ಸಕಾಲಕ್ಕೆ ದೊರೆಯುತ್ತದೆಯೇ, ಅಪ್‌ಡೇಟ್ ಎಷ್ಟು ಕಾಲ, ಎಂಥ ಉಪಕರಣ ಬೇಕು, ಎಂಥ ಸ್ಕ್ರೂ ಹಾಕಿದ್ದಾರೆ ಎಂಬ ಆರು ಮಾನದಂಡಗಳು.

ಒಳ್ಳೆಯ ಪಟ್ಟಿ. ಬಿಡಿಭಾಗದ ಜೋಡಿ ಬೀಗಕ್ಕೆ, ಸರ್ವರ್ ಮುಚ್ಚುವ ದಿನಕ್ಕೆ, ಪ್ರಮಾಣಪತ್ರ ತೀರುವ ತಾರೀಖಿಗೆ ಅದರಲ್ಲಿ ಪ್ರತ್ಯೇಕ ಸಾಲಿಲ್ಲ. ಏಳನೆಯ ಮಾನದಂಡವಾಗಿ ಅದು ಸೇರಬೇಕು, ಅಂಕಗಳನ್ನು ಕಂಪನಿಗಳೇ ಘೋಷಿಸಿಕೊಳ್ಳುವ ವ್ಯವಸ್ಥೆಯಲ್ಲಿ ಅದನ್ನು ಪರಿಶೀಲಿಸುವ ಕಣ್ಣೂ ಇರಬೇಕು.

ಇದು ಆಗದ ಮಾತೇನಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಜೋಡಿಸಬಲ್ಲ ಹೆಚ್ಚಿನ ಗೃಹಬಳಕೆ ಸಾಧನಗಳಿಗೆ ಭದ್ರತಾ ಅಪ್‌ಡೇಟ್ ಕನಿಷ್ಠ ಯಾವ ತಾರೀಖಿನವರೆಗೆ ಬರುತ್ತದೆ ಎಂಬುದನ್ನು ತಯಾರಕರು ಬಹಿರಂಗವಾಗಿ ಪ್ರಕಟಿಸಲೇಬೇಕೆಂಬ ಕಾನೂನು ಜಾರಿಯಲ್ಲಿದೆ. ಹಾಲಿನ ಪ್ಯಾಕೆಟ್ ಮೇಲೂ ಮಾತ್ರೆಯ ಹಾಳೆಯ ಮೇಲೂ ನಾವು ಕಡ್ಡಾಯವಾಗಿ ಕೇಳಿ ಪಡೆದಿರುವ ಆ ಒಂದು ತಾರೀಖನ್ನು, ಐವತ್ತು ಸಾವಿರದ ಟಿವಿಯ ರಟ್ಟಿನ ಪೆಟ್ಟಿಗೆಯ ಮೇಲೂ ಕೇಳೋಣ. ಈ ಹಬ್ಬದಲ್ಲಿ ಕೊಳ್ಳುವವರು ಅಂಗಡಿಯ ಕೌಂಟರ್‌ನಲ್ಲೇ ಆ ಪ್ರಶ್ನೆ ಶುರುಮಾಡಲಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ.